ಹಿತ್ತಿಲ ಹಕ್ಕಿಗಳಿಗೆ ಕಾಳಿಗಿಂತ ಮೊದಲು ನೀರು

ಪಕ್ಷಿಗಳಿಗೆ ಒಂದು ಹಿಡಿ ಕಾಳು ಚೆಲ್ಲಬೇಕೆಂಬ ಅಭಿಲಾಷೆಯು ಬಹು ಮಂದಿ ಗೃಹಸ್ಥರಲ್ಲಿ ಮೂಡಿರುವುದು ಸಂತೋಷದ ಸಂಗತಿ. ಆದರೆ ದಾನ ಮಾಡುವವರು ದೇಶಕಾಲಗಳನ್ನು ನೋಡತಕ್ಕದ್ದು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯಲ್ಲಿ ಈ ಕಾರ್ಯವನ್ನು ಆರಂಭಿಸುವವರು ಕಾಳಿನ ಚೀಲವನ್ನು ಬಿಚ್ಚುವುದಕ್ಕೆ ಮುಂಚೆ ನೀರಿನ ತಟ್ಟೆಯನ್ನು ಇಡುವುದೇ ಯುಕ್ತವೆಂಬುದು ನಮ್ಮ ಅಭಿಪ್ರಾಯ.

ಕಂಪ್ಲಿಯ ಬಯಲಿನಲ್ಲಿ ವಿಜಯನಗರದ ಅರಸರ ಕಾಲದ ಕಾಲುವೆಗಳೂ, 1953ರಲ್ಲಿ ಸಿದ್ಧವಾದ ತುಂಗಭದ್ರಾ ಜಲಾಶಯದ ಕಾಲುವೆಗಳೂ ಹರಿದು ಭತ್ತವನ್ನು ಬೆಳೆಯಿಸುತ್ತಿವೆ. ಅಲ್ಲಿನ ಗೀಜಗ, ರಾಟವಾಳ, ಗುಬ್ಬಚ್ಚಿಗಳಿಗೆ ಕಾಳಿನ ಕೊರತೆ ಅಷ್ಟಾಗಿ ಇಲ್ಲ. ಹಂಪಿಯ ಹೆಬ್ಬಂಡೆಗಳ ನಡುವೆಯೂ ಸಂಡೂರಿನ ಗುಡ್ಡಗಳ ಓರೆಯಲ್ಲಿಯೂ ಸ್ಥಿತಿ ಬೇರೆ. ಬೇಸಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ಮೀರಿ, ಹಳ್ಳಕೊಳ್ಳಗಳು ಬತ್ತಿಹೋಗುತ್ತವೆ. ಒಣಕಾಳನ್ನು ತಿನ್ನುವ ಹಕ್ಕಿಗೆ ಆಹಾರದಿಂದ ದೊರೆಯುವ ತೇವ ಅತ್ಯಲ್ಪ. ನೀರಿಲ್ಲದ ಕಡೆ ಕಾಳು ಹಾಕಿದರೆ ಬಾಯಾರಿಕೆಯನ್ನು ಹೆಚ್ಚಿಸಿದಂತಾಗುವುದು. ಮೇಲಾಗಿ ಕಾಳು ಕೆಲವು ಜಾತಿಗಳಿಗೆ ಮಾತ್ರ ಉಪಯುಕ್ತ. ನೀರು ಎಲ್ಲಕ್ಕೂ ಬೇಕು.

ಅಗಲವಾದ ಮಣ್ಣಿನ ತಟ್ಟೆ ಸಾಕು. ನೀರಿನ ಆಳ 2 ಅಂಗುಲವನ್ನು ಮೀರಕೂಡದು; ನಡುವೆ ಒಂದು ಒರಟು ಕಲ್ಲನ್ನಿಟ್ಟರೆ ಸಣ್ಣ ಹಕ್ಕಿಗಳು ನಿಂತು ಕುಡಿಯುವುವು. ತಟ್ಟೆಯನ್ನು ನೆರಳಿನಲ್ಲಿಯೂ, ಬೆಕ್ಕು ಹೊಂಚುವ ಪೊದೆಗಳಿಂದ ಕೆಲವು ಅಡಿ ದೂರದಲ್ಲಿಯೂ ಇಡಬೇಕು. ಪ್ರತಿನಿತ್ಯ ತಿಕ್ಕಿ ತೊಳೆದು ಹೊಸ ನೀರು ತುಂಬತಕ್ಕದ್ದು. ಇದು ಸಣ್ಣ ಮಾತಲ್ಲ. ಬ್ರಿಟನ್ನಿನಲ್ಲಿ 2005ರಿಂದೀಚೆಗೆ ಒಂದು ಬಗೆಯ ಗಂಟಲರೋಗವು ಹಸಿರು ಫಿಂಚ್ ಎಂಬ ಹಕ್ಕಿಗಳ ಸಂಖ್ಯೆಯನ್ನು ಬಹಳವಾಗಿ ಕುಗ್ಗಿಸಿತು. ಹಕ್ಕಿಗಳು ಗುಂಪುಗೂಡುವ ಆಹಾರ ನೀರಿನ ತಾಣಗಳೇ ಅದು ಹರಡುವ ಸ್ಥಾನಗಳಾದವು. ಕೊಳೆಯಾದ ತಟ್ಟೆಯನ್ನಿಡುವುದಕ್ಕಿಂತ ಏನೂ ಇಡದಿರುವುದೇ ಮೇಲು.

ಕಾಳು ಹಾಕಲೇಬೇಕೆನ್ನುವವರು ನವಣೆ, ಸಜ್ಜೆ, ನುಚ್ಚಕ್ಕಿಗಳನ್ನು ಸಂಜೆಯೊಳಗೆ ಮುಗಿಯುವಷ್ಟೇ ಹಾಕಬೇಕು. ಇಲ್ಲವೇ ಭತ್ತದ ತೆನೆಯ ಒಂದು ಗೊಂಚಲನ್ನು ಸೂರಿಗೆ ಕಟ್ಟಬಹುದು. ಉಪ್ಪು, ಎಣ್ಣೆ ಬೆರೆತ ತಿಂಡಿಯೂ ಬೂಷ್ಟು ಹಿಡಿದ ಶೇಂಗಾವೂ ಕೂಡದು. ಔಷಧ ಲೇಪಿಸಿ ಉಳಿದ ಬಿತ್ತನೆಯ ಬೀಜವನ್ನಂತೂ ಅಂಗಳಕ್ಕೆ ಚೆಲ್ಲಲೇಬಾರದು. ಅದು ವಿಷವೇ ಸರಿ. ಹಂಪಿ, ಕಮಲಾಪುರಗಳಲ್ಲಿ ಕಾಳು ಹಣ್ಣುಗಳನ್ನಿಟ್ಟರೆ ಹಕ್ಕಿಗಳಿಗಿಂತ ಮುಂಚೆ ಮಂಗಗಳು ಬರುವುದರಿಂದ ಅಲ್ಲಿ ನೀರಿಗೇ ತೃಪ್ತರಾಗುವುದು ಲೇಸು.

ಹಕ್ಕಿಯು ತೆನೆ ತಿನ್ನುವ ಕಳ್ಳನಲ್ಲವೇ, ಅದನ್ನು ಕರೆದು ಉಪಚರಿಸುವುದೇತಕ್ಕೆಂದು ಕೆಲವರು ಕೇಳಬಹುದು. ತೆನೆಯ ಕಾಲದಲ್ಲಿ ನಷ್ಟವುಂಟೆಂಬುದು ನಿಜ. ಆದರೆ ಗುಬ್ಬಚ್ಚಿಯೂ ಗೀಜಗವೂ ತಾವು ಕಾಳು ತಿಂದರೂ ಎಳೆಯ ಮರಿಗಳಿಗೆ ಹುಳುಹುಪ್ಪಟೆಗಳನ್ನೇ ತಂದು ಉಣಿಸುತ್ತವೆ. ಅಂಗಳದಲ್ಲಿ ಕಾಳು ಚೆಲ್ಲಿ, ಗದ್ದೆಯಲ್ಲಿ ಪೀಡೆಯ ಪ್ರಮಾಣವನ್ನು ನೋಡದೆ ವಾರವಾರವೂ ಕೀಟನಾಶಕವನ್ನು ಸಿಂಪಡಿಸುವವನು ತಾಯಿಗೆ ಅನ್ನವಿಟ್ಟು ಕೂಸಿನ ಹಾಲನ್ನು ಕಸಿದುಕೊಂಡಂತೆ. ಕಂಪ್ಲಿಯ ರೈತನು ಪೀಡೆಯು ನಷ್ಟದ ಮಟ್ಟವನ್ನು ಮುಟ್ಟಿದಾಗ ಮಾತ್ರ ಔಷಧ ಬಳಸಿದರೆ, ಹಣವೂ ಉಳಿಯುವುದು, ಹಕ್ಕಿಯ ಮರಿಗೂ ಊಟ ದೊರೆಯುವುದು.

ಹಣ್ಣು ತಿನ್ನುವ ಹಕ್ಕಿಗಳಿಗೆ ಬೇಲಿಯೇ ಅನ್ನಸತ್ರ. ದಕ್ಷಿಣ ಭಾರತದ ಹೊರಗೆಲ್ಲಿಯೂ ಕಾಣದ ಹಳದಿ ಕೊರಳಿನ ಪಿಕಳಾರವು ಹಂಪಿ, ದರೋಜಿ ಕಡೆಯ ಬಂಡೆಗುಡ್ಡಗಳ ಕುರುಚಲಿನಲ್ಲಿ ವಾಸಿಸುತ್ತದೆ. ಅದು ನಮ್ಮ ಅಂಗಳದ ತಟ್ಟೆಯನ್ನು ಹುಡುಕಿಕೊಂಡು ಬರುವುದು ಅಪರೂಪ. ಆದ್ದರಿಂದ ಗುಡ್ಡದ ಕುರುಚಲನ್ನು ಕಡಿಯದೆ, ಸುಡದೆ ಬಿಡುವುದೇ ಅದಕ್ಕೆ ನಾವು ಇಡುವ ಎಡೆ. ಹೊಲದ ಅಂಚಿನಲ್ಲಿ ಬೋರೆ, ಕಾರೆ, ಕವಳೆಗಳನ್ನು ಉಳಿಸಿಕೊಂಡರೆ ಊರ ಪಿಕಳಾರ, ಗೊರವಂಕಗಳಿಗೂ ಆಸರೆಯಾಗುವುದು.

ಆದಕಾರಣ ಒಕ್ಕಲಿಗ ಬಾಂಧವರಲ್ಲಿ ನಮ್ಮ ಅರಿಕೆಯಿಷ್ಟೆ: ಮೊದಲು ನೀರು, ಆಮೇಲೆ ಬೇಲಿ, ಕಡೆಗೆ ಒಂದು ಹಿಡಿ ಕಾಳು. ಈ ಕ್ರಮಕ್ಕೆ ಖರ್ಚು ಬಲು ಕಡಿಮೆ. ನಿತ್ಯವೂ ಸ್ವಲ್ಪ ಶ್ರದ್ಧೆ ಮಾತ್ರ ಅವಶ್ಯಕ.