ದುರ್ಬೀನು ಮಾರಬ್ಯಾಡ್ರಿ, ಮೊದಲು ದೀಪ ಆರಿಸ್ರಿ

ಹೋದ ವಾರ ಗಂಗಾವತಿಯಿಂದ ನನ್ನ ತಂಗಿ ಫೋನ್ ಮಾಡಿದ್ಲು. "ಅಕ್ಕಾ, ಹುಡುಗನ ಹುಟ್ಟುಹಬ್ಬಕ್ಕ ದುರ್ಬೀನು ಕೊಡಿಸಿದ್ವಿ. ಚಂದ್ರ ಒಬ್ಬ ಕಾಣ್ತಾನ, ಬ್ಯಾರೆ ಏನೂ ಕಾಣವಲ್ದು. ಆರು ಸಾವಿರ ನೀರಾಗ ಹೋತು. ಯಾರಿಗಾರ ಮಾರಿ ಬಿಡ್ತೀವಿ" ಅಂದ್ಲು. "ಮಾರಬ್ಯಾಡವ್ವ, ಅಮಾಸಿ ತನಕ ತಡಿ" ಅಂದೆ. ಯಾಕ ಅಂತ ಪೂರಾ ಹೇಳಾಕ ಆಗಲಿಲ್ಲ, ಒಲಿ ಮ್ಯಾಲ ಹಾಲಿತ್ತು. ಅದಕ್ಕ ಇಲ್ಲಿ ಬರಿತೀನಿ. ಇಂಥಾ ದುರ್ಬೀನು ಎಷ್ಟು ಮನ್ಯಾಗ ಅಟ್ಟದ ಮ್ಯಾಲ ಧೂಳು ತಿನ್ನಾಕ ಹತ್ಯಾವೋ!

ನಮ್ಮನ್ಯಾಗೂ ಇದ ಆಗಿತ್ತು. ಮಗಳು ಬೆಂಗಳೂರಿಂದ ತನ್ನ ಮಗನಿಗೆ 70 ಮಿಲಿಮೀಟರ್ ಗಾಜಿನ ದುರ್ಬೀನು ತಂದಿದ್ಲು. ಡಬ್ಬಿ ಮ್ಯಾಲ ಕೆಂಪು, ನೀಲಿ ಬಣ್ಣದ ಸುರುಳಿ ಚಿತ್ರ. ಹುಡುಗ ಅರ್ಧ ತಾಸು ಕಣ್ಣು ಕಿರಿದು ಮಾಡಿ ನೋಡಿದ. ಬರೇ ಕರಿ. "ಅಮ್ಮಾ, ಡಬ್ಬಿ ಸುಳ್ಳು ಹೇಳ್ತೈತಿ" ಅಂತ ನನಗ ಹೇಳಿ ಕೆಳಗ ಇಳಿದು ಹೋದ. ಆಮ್ಯಾಲ ನಾಕು ತಿಂಗಳು ಅದು ಜ್ವಾಳದ ಚೀಲದ ಹಿಂದ ಬಿದ್ದಿತ್ತು. ನನಗ ರೊಕ್ಕಕ್ಕಿಂತ ಅವನ ಮಾತಿಂದ ಚಿಂತಿ ಹತ್ತಿತು. ಒಂಬತ್ತು ವರ್ಷದ ಕೂಸು ಒಮ್ಮೆ ಇದೆಲ್ಲಾ ಸುಳ್ಳು ಅಂತ ತಿಳಕೊಂಡ್ರ ಮತ್ತ ತಲಿ ಎತ್ತಿ ನೋಡಾಂಗಿಲ್ಲ.

ನಾ ಓದಿದ್ದು ಪಿಯುಸಿ, ಅದೂ ಕಲಾ ವಿಭಾಗ. ಆದ್ರ ಡಬ್ಬಿಯೊಳಗಿನ ಚೀಟಿ ಓದಿ, ಮೊಬೈಲಿನ್ಯಾಗ ನೋಡಿ ತಿಳಕೊಳ್ಳಾಕ ಅಷ್ಟು ಸಾಕಾತು. ನಾವು ಮಾಡಿದ ತಪ್ಪು ಮೂರು.

ಮೊದಲನೇದು, ದೊಡ್ಡದು ಕಾಣ್ಲಿ ಅನ್ನೋ ಆಸಿ. ಕಣ್ಣಿಟ್ಟು ನೋಡೋ ಗಾಜಿಗೆ ಐಪೀಸ್ ಅಂತಾರ. ನಮ್ಮ ಕೊಳವಿಗೆ 25ರ ಐಪೀಸ್ ಹಾಕಿದ್ರ 28 ಪಟ್ಟು, 10ರದ್ದು ಹಾಕಿದ್ರ 70 ಪಟ್ಟು ದೊಡ್ಡದು ಕಾಣ್ತೈತಿ. ನಾವು 10ರದ್ದ ಹಾಕಿದ್ವಿ. ಹಿಟ್ಟಿನ ಉಂಡಿ ಅಷ್ಟ ಇರ್ತೈತಿ, ರೊಟ್ಟಿ ಅಗಲ ಬಡದಷ್ಟೂ ತೆಳ್ಳಗ ಆಗ್ತೈತಿ. ಬೆಳಕಿಂದೂ ಹಂಗ. ಮಸುಕಾದ ವಸ್ತು ಹುಡುಕಾಕ 25ರದ್ದ ಹಾಕಬೇಕು. ಎರಡನೇದು, ಕೊಳವಿ ಮ್ಯಾಲಿನ ಸಣ್ಣ ಗುರಿ-ದುರ್ಬೀನು ಹೊಂದಿಸಿರಲಿಲ್ಲ. ಹಗಲಿನ್ಯಾಗ ದೂರದ ನೀರಿನ ಟ್ಯಾಂಕಿ ತುದಿ ಹಿಡಿದು ಎರಡನ್ನೂ ಸರಿ ಮಾಡಿಕೋಬೇಕು. ಸೂರ್ಯನ ಕಡೆ ಮಾತ್ರ ಅಪ್ಪಿತಪ್ಪಿ ತಿರುಗಿಸಬ್ಯಾಡ್ರಿ, ಕಣ್ಣ ಹೋಗ್ತಾವು. ಮೂರನೇದು, ಟ್ಯೂಬ್‌ಲೈಟಿನ ಖೋಲಿಯಿಂದ ನೆಟ್ಟಗ ಮಾಳಿಗಿಗೆ ಹೋಗಿ ಕಣ್ಣಿಟ್ಟಿದ್ವಿ. ಕಣ್ಣು ಕತ್ತಲಿಗೆ ಹೊಂದಾಕ ಇಪ್ಪತ್ತು-ಮೂವತ್ತು ನಿಮಿಷ ಬೇಕು. ನಡುವ ಒಮ್ಮೆ ಮೊಬೈಲ್ ನೋಡಿದ್ರ ಮತ್ತ ಮೊದಲಿಂದ.

ಎಳ್ಳಮವಾಸಿ ದಿನ ಹೊಲಕ್ಕ ಹೋಗಿ ಚರಗ ಚೆಲ್ಲಿ ಬಂದಿದ್ವಿ. ರಾತ್ರಿ ಕರೆಂಟ್ ಹೋತು. ನಾನ ಕೊಳವಿ ಹೊತ್ತು ಮಾಳಿಗಿ ಹತ್ತಿದೆ. ಹುಡುಗ ಕೌದಿ ಹೊತ್ತು ಹಿಂದ ಬಂದ. ಮೂಡಣಕ್ಕ ಮಹಾವ್ಯಾಧ ಎದ್ದಿತ್ತು. ನಡುವಿನ ಮೂರು ನಕ್ಷತ್ರದ ಸಾಲು ಯಾರಿಗಾರ ಸಿಗ್ತೈತಿ. ಅದರ ದಕ್ಷಿಣಕ್ಕ ಸಣ್ಣ ಚುಕ್ಕಿಗಳ ಇನ್ನೊಂದು ಸಾಲು, ಅದರ ನಡುವಿನ ಚುಕ್ಕಿಗೆ ಗುರಿ ಇಟ್ವಿ. ಅದು ಬೂದು ಬಣ್ಣದ ಹೊಗಿಯಂಗ ಕಾಣ್ತು, ನಡುವ ಒತ್ತಾಗಿ ಪುಟ್ಟ ನಕ್ಷತ್ರ. ಅದು ನೀಹಾರಿಕೆ, ಸುಮಾರು 1,300 ಬೆಳಕಿನ ವರ್ಷ ದೂರ, ಅಲ್ಲಿ ಈಗಲೂ ಹೊಸಾ ನಕ್ಷತ್ರ ಹುಟ್ಟಾಕ ಹತ್ಯಾವು. ಹುಡುಗ ಭಾಳ ಹೊತ್ತು ಕಣ್ಣು ತೆಗೀಲಿಲ್ಲ. "ಬಣ್ಣ ಇಲ್ಲ" ಅಂದ. ಇಲ್ಲಪ್ಪಾ, ಮಸುಕು ಬೆಳಕಿನ್ಯಾಗ ನಮ್ಮ ಕಣ್ಣಿಗೆ ಬಣ್ಣ ತಿಳಿಯಂಗಿಲ್ಲ, ಕ್ಯಾಮೆರಾ ಭಾಳ ಹೊತ್ತು ಬೆಳಕು ಕೂಡಿಸಿಕೊಂಡು ಆ ಚಿತ್ರ ತೆಗೀತೈತಿ ಅಂದೆ. ನಮ್ಮ ಮಾವನೂ ಮೆಟ್ಟಿಲ ಹಿಡಕೊಂಡು ಬಂದ್ರು. ನೋಡಿ, "ಒಲಿ ಹೊಗಿ ಇದ್ದಂಗ ಐತಲ್ಲವಾ" ಅಂದ್ರು.

ಆಮ್ಯಾಲ ಮಾತು ಮಳಿ ಕಡೆ ಹೋತು. ಮಾವಗ ಕೃತ್ತಿಕಾ, ರೋಹಿಣಿ, ಮೃಗಶಿರ, ಆರಿದ್ರಾ ಎಲ್ಲಾ ಮಳಿ ಬಾಯಿಪಾಠ. ರೋಹಿಣಿ ಮಳಿ ಬಂದ್ರ ಓಣಿ ತುಂಬ ಜ್ವಾಳ ಅನ್ನೋ ಮಂದಿ ನಾವು. ಆದ್ರ ಆ ನಕ್ಷತ್ರ ಮಳಿಗಾಲದಾಗ ಕಾಣಂಗಿಲ್ಲ, ಯಾಕಂದ್ರ ಆಗ ಸೂರ್ಯ ಅದರ ಕೂಡನ ಇರ್ತಾನ. ಅವನ್ನ ನೋಡಬೇಕಂದ್ರ ಚಳಿಗಾಲನ ಬರಬೇಕು. ಎಂಬತ್ತು ದಾಟಿದ ಮಾವಗ ಆವತ್ತು ರೋಹಿಣಿ ಯಾವುದು ಅಂತ ನಾ ತೋರಿಸಿದೆ. ಹೆಸರು ಅವರು ಕಲಿಸಿದ್ದು, ಜಾಗ ನಾ ತೋರಿಸಿದ್ದು.

ಹೊಸದಾಗಿ ನೋಡವ್ರು ಇವನ್ನ ಹುಡುಕ್ರಿ. ನವೆಂಬರಿನ್ಯಾಗ ಮೂಡಣಕ್ಕ ಕೃತ್ತಿಕೆ. ಬರಿಗಣ್ಣಿಗೆ ಆರೇಳು ನಕ್ಷತ್ರ. ಗೆಲಿಲಿಯೋ ತನ್ನ ದುರ್ಬೀನಿನ್ಯಾಗ ನೋಡಿ 1610ರ ಪುಸ್ತಕದಾಗ ಅಲ್ಲಿ 36 ಬರೆದ. ಅದ ತಿಂಗಳು ಉತ್ತರಕ್ಕ ಎತ್ತರದಾಗ ದೇವಯಾನಿ ಗ್ಯಾಲಕ್ಸಿ, ಬೆರಳಿಲೆ ಒರಿಸಿದ ವಿಭೂತಿಯಂಗ ಕಾಣೋದು. ಆ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷ ಆಗೈತಿ. ಫೆಬ್ರವರಿ-ಮಾರ್ಚಿನ್ಯಾಗ ಪುಷ್ಯದ ಗುಂಪು, ಸಾಸಿವಿ ಚೆಲ್ಲಿದಂಗ.

ಏಪ್ರಿಲ್-ಮೇ ತಿಂಗಳದ್ದು ನನಗ ಎಲ್ಲಕ್ಕಿಂತ ಸೇರಿದ್ದು. ನವಲಿ ಅಂದ್ರ ಮಂದಿ ಭೋಗಾಪುರೇಶನ ಗುಡಿ ಅಂತಾರ, ಈಚೀಚೆ ಜಲಾಶಯದ ಮಾತು ತೆಗೀತಾರ. ನಾ ನಮ್ಮ ದಕ್ಷಿಣದ ಆಕಾಶನೂ ಸೇರಿಸ್ತೀನಿ. ಅಲ್ಲಿ ತಗ್ಗಿನ್ಯಾಗ ಒಮೆಗಾ ಸೆಂಟಾರಿ ಅನ್ನೋ ನಕ್ಷತ್ರದ ಉಂಡಿ ಐತಿ, ಸುಮಾರು ಒಂದು ಕೋಟಿ ನಕ್ಷತ್ರ ಕೂಡಿದ್ದು. ಇಂಥಾ ವಸ್ತುಗಳ ಪಟ್ಟಿ ಮಾಡಿದ ಫ್ರಾನ್ಸಿನ ಮೆಸ್ಸಿಯೇಗೆ ಅದು ಸಿಗಲೇ ಇಲ್ಲ, ಪ್ಯಾರಿಸ್ಸಿನ್ಯಾಗ ಅದು ಹುಟ್ಟಂಗಿಲ್ಲ. ನಮ್ಮ ಮಾಳಿಗಿಗೆ ಬರ್ತೈತಿ.

ಬರ್ತೈತಿ ಖರೆ, ಕತ್ತಲಿದ್ರ. ನನ್ನ ವಾದ ಇದ. ದುರ್ಬೀನಿಗೆ ಆರು ಸಾವಿರ ಕೊಡ್ತೀವಿ, ಕತ್ತಲಿಗೆ ಒಂದು ಗುಂಡಿ ಒತ್ತಂಗಿಲ್ಲ. ಲಡಾಖಿನ ಹಾನ್ಲೆಯೊಳಗಿನ ದೊಡ್ಡ ದೂರದರ್ಶಕವನ್ನ ನಮ್ಮ ಹೊಸಕೋಟೆಯಿಂದ ನಡಸ್ತಾರ. ಅಲ್ಲಿ ಕತ್ತಲು ಕಾಪಾಡಾಕ ಅಂತ 2022ರಾಗ ಆ ಸೀಮಿಯನ್ನ ಮೀಸಲು ಮಾಡ್ಯಾರ, ಊರ ಮಂದಿ ಕಿಟಕಿಗೆ ಪರದಾ ಹಾಕ್ತಾರ. ನಾವು ಯಾರೂ ಇಲ್ಲದ ಮಾಳಿಗಿ ಮ್ಯಾಲ ರಾತ್ರಿಯೆಲ್ಲಾ ದೀಪ ಉರಸ್ತೀವಿ.

ಓಣಿ ದೀಪ ಆರಿಸ್ರಿ ಅನ್ನಂಗಿಲ್ಲ. ಟ್ಯೂಷನ್ ಮುಗಿಸಿ ಬರೋ ಹೆಣ್ಣುಮಕ್ಕಳಿಗೆ ಬೆಳಕು ಬೇಕ ಬೇಕು. ಆದ್ರ ಆ ಬೆಳಕು ದಾರಿಗೆ ಬೀಳ್ಲಿ, ಮ್ಯಾಲ ಯಾಕ? ಕಂಬದ ಬೆಳಕು ನಮ್ಮ ಮಾಳಿಗಿಗೆ ಹೊಡೀತಿತ್ತು. ಅರಿವಿ ಒಣಹಾಕೋ ಹಗ್ಗಕ್ಕ ಹಳೆ ಕೌದಿ ಕಟ್ಟಿ ಮರಿ ಮಾಡೀನಿ. ನಮ್ಮ ಮನಿ ಹೊರಗಿನ ಬಲ್ಬಿಗೆ ತಗಡಿನ ಮುಚ್ಚಳ ಹಾಕಿಸೀನಿ.

"ಈ ವಯಸ್ಸಿನ್ಯಾಗ ಕೆಲಸಿಲ್ಲೇನು" ಅಂತ ಕೇಳವ್ರೂ ಅದಾರ. ಮೂವತ್ತು ವರ್ಷ ನಾ ಆ ಮಾಳಿಗಿ ಹತ್ತಿದ್ದು ಸಂಡಿಗಿ, ಮೆಣಸಿನಕಾಯಿ ಒಣಗಿಸಾಕ. ಕೆಲಸ ಮುಗಿದ ಮ್ಯಾಲ ಅರ್ಧ ತಾಸು ಅಲ್ಲಿ ಕುಂತ್ರ ಯಾರ ಮನಿ ಹಾಳಾಗಂಗಿಲ್ಲ.

ತಂಗಿ ಈ ಅಮಾಸಿಗೆ ಹುಡುಗನ್ನ ಕರಕೊಂಡು ಬರ್ತಾಳಂತ, ದುರ್ಬೀನೂ ತರ್ತಾಳಂತ. 25ರ ಐಪೀಸ್ ಮರೀಬ್ಯಾಡ ಅಂತ ಹೇಳೀನಿ.