ತೂಕಕ್ಕೆ ದುಡ್ಡು ಸರಿ, ಕಾಳಿನ ಗುಣಕ್ಕೆ?

ನಮ್ಮ ಆದೋನಿ ಸೀಮೆ ಹತ್ತಿ, ಜೋಳ, ಶೇಂಗಾದ ನಾಡು. ಗೋಧಿ ಬೆಳೆಯುವವರು ಕಡಿಮೆ. ಬಾವಿ ನೀರಿರುವ ಎರಡು ಎಕರೆ ಎರೆಯಲ್ಲಿ ನಾನು ಹಿಂಗಾರಿಗೆ ಚಪಾತಿ ಗೋಧಿ ಬಿತ್ತುತ್ತೇನೆ. ಒಂದು ವರ್ಷ ಎರಡು ತಳಿ ಹಾಕಿದ್ದೆ. ಒಂದು ನಾಲ್ಕು ಚೀಲ ಹೆಚ್ಚಿಗೆ ಕೊಟ್ಟಿತು. ಇನ್ನೊಂದರ ಹಿಟ್ಟು ಚೆನ್ನಾಗಿ ನಾದಿಕೊಂಡಿತು, ಚಪಾತಿ ಸಂಜೆವರೆಗೂ ಮೆತ್ತಗಿತ್ತು. ಪೇಟೆಯಲ್ಲಿ ಸಾಹುಕಾರರು ಎರಡನ್ನೂ ಅಂಗೈಯಲ್ಲಿ ಆಡಿಸಿ ಒಂದೇ ದರ ಹೇಳಿದರು. ಮರುವರ್ಷ ನಾನು ಯಾವುದನ್ನು ಬಿತ್ತಿದೆ ಅಂತ ಬೇರೆ ಹೇಳಬೇಕೆ?

ಇಳುವರಿ, ಗುಣ ಎರಡೂ ಒಂದೇ ತಳಿಯಲ್ಲಿ ಬರುವುದು ಸುಲಭವಲ್ಲ. ಕಾಳಿನಲ್ಲಿ ಪಿಷ್ಟ ಹೆಚ್ಚು ತುಂಬಿದಷ್ಟೂ ಪ್ರೋಟೀನಿನ ಪಾಲು ತೆಳುವಾಗುತ್ತದೆ. ಹಿಟ್ಟಿಗೆ ಜಿಗುಟು ಕೊಡುವುದು ಆ ಪ್ರೋಟೀನೇ. 2006ರಲ್ಲಿ ವಿಜ್ಞಾನಿಗಳು ಕಾಡು ಗೋಧಿಯ ಒಂದು ಜೀನನ್ನು ಗುರುತಿಸಿದರು. ಅದು ಎಲೆಯನ್ನು ಬೇಗ ಒಣಗಿಸಿ, ಅಲ್ಲಿದ್ದ ಪ್ರೋಟೀನು, ಸತು, ಕಬ್ಬಿಣವನ್ನು ಕಾಳಿಗೆ ಸಾಗಿಸುತ್ತದೆ. ಎಲೆ ಬೇಗ ಒಣಗಿದರೆ ಕೆಲವು ಕಡೆ ಕಾಳಿನ ತೂಕ ತಗ್ಗುವುದೂ ಉಂಟು. ಅಂಥ ಕಾಳಿಗೆ ಹೆಚ್ಚಿನ ದರವಿಲ್ಲದಿದ್ದರೆ ರೈತ ಅದನ್ನೇಕೆ ಬಿತ್ತಿಯಾನು?

ಪೇಟೆ ಮನಸ್ಸು ಮಾಡಿದರೆ ಬೀಜವೇ ಬದಲಾಗುತ್ತದೆ. ಇದಕ್ಕೆ ಸಾಕ್ಷಿಯಿದೆ. 1966ರಲ್ಲಿ ಭಾರತ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ಗೋಧಿ ಬೀಜ ತರಿಸಿತು. ಗೊಬ್ಬರ ಹಾಕಿದರೂ ಒರಗದ ಗಿಡ, ಕೈತುಂಬ ಇಳುವರಿ. ಆದರೆ ಕಾಳು ಕೆಂಪು. ಕೊಳ್ಳುವವರು ಮೂಗು ಮುರಿದರು, ದರ ಬಿತ್ತು. ತಳಿಗಾರರು ಸುಮ್ಮನೆ ಕೂರಲಿಲ್ಲ. ಕಲ್ಯಾಣ್ ಸೋನಾ, ಸೋನಾಲಿಕಾದಂಥ ಹೊಂಬಣ್ಣದ ಕಾಳು ತಂದರು. ಸೊನೋರಾ 64ಕ್ಕೆ ಗಾಮಾ ಕಿರಣ ಹಾಯಿಸಿ ಶರಬತಿ ಸೊನೋರಾ ಮಾಡಿದರು. ಅಂಗಡಿಯವನ ಕಣ್ಣು ಹೊಲದ ಬೀಜವನ್ನೇ ತಿದ್ದಿತು.

ಬಣ್ಣ ಕಣ್ಣಿಗೆ ಕಾಣುತ್ತದೆ, ಪ್ರೋಟೀನು ಕಾಣುವುದಿಲ್ಲ. ತೊಡಕು ಇಲ್ಲಿದೆ. 2025-26ರ ಮಾರಾಟ ಹಂಗಾಮಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 2,425 ರೂಪಾಯಿ ಇತ್ತು. ಸರಕಾರದ ಖರೀದಿಯಲ್ಲಿ ತೇವ, ಕಸ, ಸುಕ್ಕುಗಾಳು ನೋಡುತ್ತಾರೆ. ಪ್ರೋಟೀನಿಗೆ ಬೇರೆ ದರವಿಲ್ಲ. ಆಸ್ಟ್ರೇಲಿಯಾದಲ್ಲಿ ಪ್ರೈಮ್ ಹಾರ್ಡ್ ದರ್ಜೆ ಬೇಕಾದರೆ ಶೇ. 13 ಪ್ರೋಟೀನ್ ಇರಲೇಬೇಕು. ಕಾಳಿನ ಮೇಲೆ ಬೆಳಕು ಹಾಯಿಸಿ ಒಂದೆರಡು ನಿಮಿಷದಲ್ಲಿ ಲೆಕ್ಕ ಹೇಳುವ ಯಂತ್ರ ಬಂದು ವರ್ಷಗಳೇ ಆದವು.

ಎರಡು ಭಾಷೆಯವನಿಗೆ ಒಂದು ಮಾತು ಹೊಳೆಯುತ್ತದೆ. ಕನ್ನಡದ ಇಳುವರಿ, ತೆಲುಗಿನ ದಿಗುಬಡಿ ಎರಡರಲ್ಲೂ ಇರುವುದು ‘ಇಳಿ’ ಎಂಬ ಅರ್ಥವೇ. ಗುಣಕ್ಕೆ ಮಾತ್ರ ತೆಲುಗಿನವರು ‘ನಾಣ್ಯತ’ ಅನ್ನುತ್ತಾರೆ. ಹೆಸರಿನಲ್ಲೇ ನಾಣ್ಯವಿದೆ, ರೈತನ ಕೈಗೆ ಮಾತ್ರ ಬಂದಿಲ್ಲ!

ಧಾರವಾಡದ ಕೃಷಿ ವಿಶ್ವವಿದ್ಯಾಲಯ ಯುಎಎಸ್ 304ರಂಥ ತಳಿ ಕೊಟ್ಟಿದೆ. ಬೀಜ ತರುವುದು ನಮ್ಮ ಕೆಲಸ. ರೈತ ಬಾಂಧವರು ತಳಿ ತಳಿ ಬೆರೆಸದೆ ಬೇರೆ ಬೇರೆ ಚೀಲ ಕಟ್ಟಲಿ. ವ್ಯಾಪಾರಿಗಳು, ಗಿರಣಿಯವರು ಸೇರಿ ಪೇಟೆಗೊಂದು ಯಂತ್ರ ತರಿಸಲಿ, ಒಳ್ಳೆಯ ಕಾಳಿಗೆ ನಾಲ್ಕು ಕಾಸು ಹೆಚ್ಚು ಕಟ್ಟಲಿ. ಆಗ ಮುಂದಿನ ತಳಿ ಹೇಗಿರಬೇಕೆಂದು ತಳಿಗಾರರಿಗೆ ಪೇಟೆಯೇ ಹೇಳುತ್ತದೆ. ಅಲ್ಲಿಯವರೆಗೆ ನಾನೂ ಚೀಲ ಎಣಿಸಿಯೇ ಬಿತ್ತುವವನು.