ಎರಡನೆಯ ಮದುವೆಗೆ ಮುನ್ನ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲವನ್ನು ದಾಟಿ ಕುಣಿಗಲಿನ ಕಡೆಗೆ ಹೊರಟವರಿಗೆ ಸೋಲೂರು ಎದುರಾಗುತ್ತದೆ. ಮಾಗಡಿ ಸೀಮೆಯ ಈ ಊರು ಆರ್ಯ ಈಡಿಗರ ಮಠದಿಂದ ಹೆಸರಾದದ್ದು. ಇಂಥ ಊರಿನಲ್ಲಿ ಎಲ್ಲೋ ನಾಲ್ಕು ಕ್ರೈಸ್ತ ಸಂಸಾರಗಳಿದ್ದು, ಅವುಗಳಲ್ಲೊಂದರಲ್ಲಿ ಗೃಹಿಣಿ ತೀರಿಕೊಂಡಳೆಂದು ಇಟ್ಟುಕೊಂಡರೆ ಮುಂದೇನಾಗುವುದೆಂಬುದನ್ನು ಹೇಳಲು ಜ್ಯೋತಿಷಿ ಬೇಕಾಗಿಲ್ಲ. ವರ್ಷ ತುಂಬುವುದರೊಳಗೆ ಬಂಧುಗಳು ಬರುತ್ತಾರೆ. ಮಕ್ಕಳ ತಲೆ ಬಾಚುವವರಾರು, ಒಲೆ ಹಚ್ಚುವವರಾರು ಎಂದು ಕೇಳುತ್ತಾರೆ. ಯಾವುದೋ ದೂರದ ಊರಿನ ಕನ್ಯೆಯ ಹೆಸರನ್ನು ಮೆಲ್ಲನೆ ಹೊರಗೆ ತೆಗೆಯುತ್ತಾರೆ. ಅದೇ ಮನೆಯಲ್ಲಿ ಯಜಮಾನನೇ ತೀರಿಕೊಂಡಿದ್ದರೆ ಅದೇ ಬಂಧುಗಳು ಅದೇ ಜಗಲಿಯ ಮೇಲೆ ಕುಳಿತು, “ಮಕ್ಕಳ ಮುಖ ನೋಡಿಕೊಂಡು ಕಾಲ ಹಾಕಮ್ಮ” ಎಂದು ಸಮಾಧಾನ ಹೇಳಿ ಎದ್ದು ಹೋಗುತ್ತಾರೆ. ಗಂಡಸಿಗೆ ಮಕ್ಕಳೇ ಮರುಮದುವೆಗೆ ಕಾರಣ. ಹೆಂಗಸಿಗೆ ಮಕ್ಕಳೇ ಅಡ್ಡಿ. ಶಿಲುಬೆಯನ್ನು ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಈ ತರ್ಕವು ಮನೆ ಬಿಟ್ಟು ಹೋಗುವುದಿಲ್ಲ.

ಕನ್ನಡನಾಡಿನ ಅನೇಕ ಜನಾಂಗಗಳಲ್ಲಿ ವಿಧವೆಯ ಮರುಮದುವೆ ಹಿಂದಿನಿಂದಲೂ ಇತ್ತೆಂಬುದು ನಿಜ. ಅದಕ್ಕೆ ಕೂಡಿಕೆ ಎಂದೂ ಉಡಿಕೆ ಎಂದೂ ಹೆಸರು. ಆದರೆ ಅದು ಮದುವೆಗಿಂತ ಒಂದು ಮೆಟ್ಟಲು ಕೆಳಗಿನ ಶಾಸ್ತ್ರ. ಓಲಗವಿಲ್ಲದೆ, ಮುತ್ತೈದೆಯರು ಮುಂದೆ ನಿಲ್ಲದೆ, ಎಷ್ಟೋ ಕಡೆ ಕತ್ತಲಾದ ಮೇಲೆ ಒಂದು ಸೀರೆ ಕೊಟ್ಟು ಮುಗಿಸುವಂಥದು. ಇದರ ಎದುರಿಗೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾನೂನನ್ನು ಇಟ್ಟು ನೋಡಿದರೆ ಒಂದು ಸಣ್ಣ ಅಂಶ ಕಣ್ಣಿಗೆ ಬೀಳುತ್ತದೆ. ವಿಶೇಷ ಅನುಮತಿ ಪಡೆದ ಹೊರತು ಮದುವೆಯು ಬೆಳಿಗ್ಗೆ 6 ಗಂಟೆಯಿಂದ ಸಂಜೆ 7 ಗಂಟೆಯೊಳಗೆ ನಡೆಯತಕ್ಕದ್ದು. ಮೊದಲನೆಯದಾಗಲಿ ಎರಡನೆಯದಾಗಲಿ, ಕತ್ತಲಲ್ಲಿ ಮುಗಿಸುವ ಮದುವೆ ಅದರಲ್ಲಿಲ್ಲ. ದೇವಾಲಯದಲ್ಲಿ ಮುಂಚಿತವಾಗಿ ಪ್ರಕಟಣೆ ಓದುವ ಪದ್ಧತಿಯೂ ಉಂಟು. ವಿಧವೆಯ ಹೆಸರೂ ಕನ್ಯೆಯ ಹೆಸರಿನಂತೆಯೇ ಎಲ್ಲರ ಕಿವಿಗೂ ಕೇಳುವ ಹಾಗೆ ಓದಲ್ಪಡುತ್ತದೆ. ಅವಳು ಆಡಬೇಕಾದ ವಿವಾಹಪ್ರತಿಜ್ಞೆಯೂ ಅದೇ. ಎರಡನೆಯ ಸಲಕ್ಕೆಂದು ಬೇರೆ ಮಾತುಗಳಿಲ್ಲ.

ಹಾಗೆಂದು ಕ್ರೈಸ್ತಸಭೆಯು ಮೊದಲಿನಿಂದಲೂ ಈ ವಿಷಯದಲ್ಲಿ ಉದಾರವಾಗಿತ್ತೆಂದರೆ ಅದು ಮುಖಸ್ತುತಿಯಾದೀತು. ಪತಿ ಸತ್ತ ಮೇಲೆ ಸ್ತ್ರೀಯು ಸ್ವತಂತ್ರಳು, ಪ್ರಭುವಿನಲ್ಲಿ ವಿಶ್ವಾಸವುಳ್ಳವನನ್ನು ವರಿಸಬಹುದು ಎಂದು ಸಂತ ಪೌಲನು ಕೊರಿಂಥದವರಿಗೆ ಬರೆದನು; ಹಾಗೆಯೇ ಇದ್ದರೆ ಇನ್ನೂ ಸುಖ ಎಂದು ಮರುವಾಕ್ಯದಲ್ಲೇ ಸೇರಿಸಿದನು. ಎರಡು ಸಲ ಮದುವೆಯಾದವರೊಡನೆ ಪಂಕ್ತಿಯಲ್ಲಿ ನಿಲ್ಲೆವೆಂದು ಹಟ ಹಿಡಿದ ಒಂದು ಪಂಗಡದವರು ಮರಳಿ ಸಭೆಗೆ ಬರಬೇಕಾದರೆ ಆ ಹಟ ಬಿಡಬೇಕೆಂದು ಕ್ರಿ.ಶ. 325ರ ನೈಸಿಯಾ ಮಹಾಸಭೆಯೇ ವಿಧಿಸಬೇಕಾಯಿತು. ಆ ಶತಮಾನ ಮುಗಿಯುವ ಹೊತ್ತಿಗೆ ಸಂತ ಜೆರೋಮನು ವಿಧವೆಯರಿಗೆ ಬರೆದ ಕಾಗದಗಳಲ್ಲಿ ಮರುಮದುವೆಯನ್ನು ಚುಚ್ಚಿ ಆಡಿದ್ದಾನೆ. ಪೂರ್ವದೇಶಗಳ ಆರ್ಥೊಡಾಕ್ಸ್ ಸಭೆಗಳ ಎರಡನೆಯ ಮದುವೆಯ ವಿಧಿಯಲ್ಲಿ ಪಶ್ಚಾತ್ತಾಪದ ಪ್ರಾರ್ಥನೆಗಳು ಇಂದಿಗೂ ಇವೆ. ಕ್ಯಾಥೊಲಿಕರ 1917ರ ಧರ್ಮಸಂಹಿತೆಯಲ್ಲಂತೂ, ಒಮ್ಮೆ ವಿಧ್ಯುಕ್ತವಾದ ವಿವಾಹಾಶೀರ್ವಾದವನ್ನು ಪಡೆದ ಸ್ತ್ರೀಗೆ ಮುಂದಿನ ಮದುವೆಯಲ್ಲಿ ಅದನ್ನು ಮತ್ತೆ ಕೊಡಲಾಗದೆಂಬ ನಿಯಮವಿತ್ತು. ಸ್ತ್ರೀಗೆ ಎಂಬುದನ್ನು ಗಮನಿಸಬೇಕು; ಪುರುಷನ ಮಾತು ಅಲ್ಲಿ ಬಂದಿಲ್ಲ. 1983ರ ಹೊಸ ಸಂಹಿತೆಯಲ್ಲಿ ಆ ನಿಯಮವಿಲ್ಲ.

ನಿಯಮ ಹೋಯಿತು, ಮನಸ್ಸಿನಲ್ಲಿ ಉಳಿದದ್ದು ಹೋಗಲು ಪ್ರಾರ್ಥನೆ ಬೇಕು. ಆದರೆ ಯಾವ ಪ್ರಾರ್ಥನೆ? ಮರುಮದುವೆಗೆ ಮನಸ್ಸು ಮಾಡಿದವರು ಸಾಮಾನ್ಯವಾಗಿ ದೇವರ ಮುಂದೆ ಒಂದು ಪಟ್ಟಿಯನ್ನೇ ಇಡುತ್ತಾರೆ. ಸಂಬಂಧ ಒಳ್ಳೆಯದಾಗಿರಲಿ, ಬರುವವಳು ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳಲಿ, ಬರುವವನು ಕುಡಿಯದಿರಲಿ. ಇವು ಬೇಡವೆಂದಲ್ಲ. ಆದರೆ ಇವೆಲ್ಲ ಬರಲಿರುವ ವ್ಯಕ್ತಿಯ ಬಗೆಗಿನ ಕೋರಿಕೆಗಳು. ಹೋದವರ ವಿಷಯ ಇದರಲ್ಲಿ ಒಂದೂ ಇಲ್ಲ. ಎರಡನೆಯ ಮದುವೆ ಕೆಡುವುದು ಬಹುಮಟ್ಟಿಗೆ ಹೋದವರ ಲೆಕ್ಕ ತೀರದೆ ಇರುವುದರಿಂದ. ಸತ್ತವಳ ಮೇಲಿನ ಪ್ರೀತಿ, ಅವಳ ಕಾಯಿಲೆಯ ಕಾಲದಲ್ಲಿ ಆಡಬಾರದಿದ್ದ ಒಂದು ಮಾತು, ಆಸ್ಪತ್ರೆಗೆ ಎರಡು ದಿನ ಮುಂಚೆ ಕರೆದೊಯ್ಯಬೇಕಾಗಿತ್ತೆಂಬ ಕೊರಗು ಇವೆಲ್ಲವನ್ನೂ ಎದೆಯಲ್ಲಿ ಮುಚ್ಚಿಟ್ಟುಕೊಂಡು ಹಸೆಮಣೆ ಏರಿದವನು ಮುಂದೆ ಆ ಸಾಲವನ್ನು ಹೊಸಬಳಿಂದ ವಸೂಲು ಮಾಡತೊಡಗುತ್ತಾನೆ. ಸಾರು ಅವಳ ಕೈರುಚಿಯಂತಿಲ್ಲ ಎಂಬಲ್ಲಿಂದ ಅದು ಆರಂಭವಾಗುತ್ತದೆ.

ಈ ಭಯವನ್ನೂ ಭಾರವನ್ನೂ ಎದುರಿಗಿಟ್ಟುಕೊಂಡು ಹೇಳಿದ ಒಂದು ಕಥೆ ಕ್ಯಾಥೊಲಿಕರ ಬೈಬಲಿನಲ್ಲಿದೆ. ಅದು ತೋಬಿತನ ಗ್ರಂಥ. ಪ್ರಾಟೆಸ್ಟೆಂಟರು ಇದನ್ನು ಪ್ರಮಾಣಗ್ರಂಥಗಳ ಸಾಲಿನಲ್ಲಿ ಸೇರಿಸುವುದಿಲ್ಲ. ಓದಿ ಸಂತೋಷಪಡುವುದಕ್ಕೆ ಅವರಿಗೂ ಅಡ್ಡಿಯಿಲ್ಲ. ಸಾರಾ ಎಂಬ ಹೆಣ್ಣಿಗೆ ಏಳು ಮದುವೆಗಳಾಗಿ, ಏಳು ಮಂದಿ ವರರೂ ಮದುವೆಯ ರಾತ್ರಿಯೇ ದೆವ್ವದ ಕೈಯಿಂದ ಸತ್ತಿರುತ್ತಾರೆ. ಮನೆಯ ಆಳುಹೆಣ್ಣೇ ಅವಳನ್ನು ಗಂಡಂದಿರನ್ನು ಕೊಂದವಳೆಂದು ಮೂದಲಿಸುತ್ತಾಳೆ. ಗಂಡನನ್ನು ತಿಂದುಕೊಂಡವಳು ಎಂಬ ಮಾತು ಕೇಳಿ ಗೊತ್ತಿರುವ ಕನ್ನಡದ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾರಾ ನೇಣು ಹಾಕಿಕೊಳ್ಳಲು ಯೋಚಿಸುತ್ತಾಳೆ. ಮುದಿ ತಂದೆಗೆ ಆಗುವ ಅಪಮಾನ, ದುಃಖಗಳನ್ನು ನೆನೆದು ತಡೆಯುತ್ತಾಳೆ. ಕಿಟಕಿಯ ಬಳಿ ನಿಂತು ಪ್ರಾರ್ಥಿಸುತ್ತಾಳೆ.

ಎಂಟನೆಯವನಾಗಿ ಬಂದವನು ಬಂಧು ತೋಬಿಯಾಸ. ಅವನೇನು ಧೀರನಲ್ಲ. ಏಳು ಸಾವುಗಳ ಸುದ್ದಿ ಕೇಳಿ ಹೆದರಿಯೇ ಇದ್ದವನು. ಜೊತೆಗೆ ಬಂದ ದೇವದೂತ ರಫಾಯೇಲನು ಧೈರ್ಯ ಹೇಳಬೇಕಾಯಿತು. ಮೀನಿನ ಗುಂಡಿಗೆಯನ್ನೂ ಈಲಿಯನ್ನೂ ಕೆಂಡದ ಮೇಲಿಟ್ಟು ಹೊಗೆ ಹಾಕಿ ದೆವ್ವವನ್ನು ಓಡಿಸಿದ ಸಂಗತಿ ಕಥೆಯಲ್ಲಿ ಬರುತ್ತದೆ, ಅದು ಇರಲಿ. ಮುಖ್ಯವಾದದ್ದು ಆಮೇಲಿನದು. ಬಾಗಿಲು ಹಾಕಿದ ಕೋಣೆಯಲ್ಲಿ ತೋಬಿಯಾಸನು ಹಾಸಿಗೆಯಿಂದೆದ್ದು, ಅವಳನ್ನೂ ಎಬ್ಬಿಸಿ, ಇಬ್ಬರೂ ಕೂಡಿ ಪ್ರಾರ್ಥಿಸೋಣವೆನ್ನುತ್ತಾನೆ. ಆ ಪ್ರಾರ್ಥನೆಯಲ್ಲಿ ಐಶ್ವರ್ಯದ ಬೇಡಿಕೆಯಿಲ್ಲ, ಸಂತಾನದ ಬೇಡಿಕೆಯೂ ಇಲ್ಲ. ಆದಾಮನಿಗೆ ಹವ್ವಳನ್ನು ಜೊತೆಗಾತಿಯಾಗಿ ಕೊಟ್ಟದ್ದನ್ನು ನೆನೆದು, ತಾನು ಇವಳನ್ನು ಕೈಹಿಡಿದದ್ದು ಕಾಮದಿಂದಲ್ಲ ಎಂದು ಅರಿಕೆ ಮಾಡಿಕೊಂಡು, ಇಬ್ಬರೂ ಒಟ್ಟಿಗೆ ಮುದುಕರಾಗುವಂತೆ ಕರುಣಿಸೆಂದು ಕೇಳುತ್ತಾನೆ. ಕಡೆಯಲ್ಲಿ ಅವಳೂ ಅವನೊಡನೆ ಆಮೆನ್ ಎನ್ನುತ್ತಾಳೆ. ಸಾವನ್ನು ಕಂಡ ಮನೆಯಲ್ಲಿ ಒಟ್ಟಿಗೆ ಮುದುಕರಾಗುವುದಕ್ಕಿಂತ ದೊಡ್ಡ ವರ ಬೇರೆ ಯಾವುದಿದೆ?

ಅದೇ ಹೊತ್ತಿಗೆ ಹೊರಗೆ ಹುಡುಗಿಯ ತಂದೆ ಏನು ಮಾಡುತ್ತಿದ್ದನು? ಈ ಅಳಿಯನೂ ಸತ್ತಿರುತ್ತಾನೆ, ನೆರೆಹೊರೆಯವರು ನಗುವ ಮೊದಲೇ ಹೂಳಿಬಿಡೋಣವೆಂದು ರಾತ್ರಿಯೇ ಗುಂಡಿ ತೋಡಿಸುತ್ತಿದ್ದನು! ಆಮೇಲೆ ದೀಪ ಕೊಟ್ಟು ಕಳುಹಿಸಿದ ದಾಸಿಯು ಇಬ್ಬರೂ ನೆಮ್ಮದಿಯಾಗಿ ನಿದ್ರಿಸುತ್ತಿರುವುದನ್ನು ಕಂಡು ಬಂದು ಹೇಳಿದಳು. ಬೆಳಗಾಗುವ ಮೊದಲೇ ಗುಂಡಿಯನ್ನು ಮುಚ್ಚಿಸಿ 14 ದಿನಗಳ ಔತಣವನ್ನು ಸಾರಲಾಯಿತು. ಮರುಮದುವೆಯ ಮನೆಗಳಲ್ಲಿ ಇಂಥ ಹಿರಿಯರು ಈಗಲೂ ಇಲ್ಲದಿಲ್ಲ. ಒಳಗೆ ಪ್ರಾರ್ಥನೆ, ಹೊರಗೆ ಗುದ್ದಲಿ. “ನೋಡೋಣ, ಎಷ್ಟು ದಿನ ನಡೆಯುತ್ತದೆಯೋ” ಎಂಬ ಅವರ ನಿಟ್ಟುಸಿರು ಗುದ್ದಲಿಗಿಂತ ಹರಿತವಾದದ್ದು. ವಿಚಿತ್ರವೆಂದರೆ, ಹೊಸ ದಂಪತಿಗಳು ಮೂರು ರಾತ್ರಿ ಪ್ರಾರ್ಥನೆಯಲ್ಲಿ ಕಳೆದರೆಂಬ ವಿವರ ಬರುವುದು ಲ್ಯಾಟಿನ್ ಭಾಷಾಂತರದಲ್ಲಿ. ಆ ಭಾಷಾಂತರವನ್ನು ಮಾಡಿದವನು ವಿಧವೆಯರ ಮದುವೆಯನ್ನು ಚುಚ್ಚಿ ಆಡಿದ ಅದೇ ಜೆರೋಮ.

ವಿಧವೆಯ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ. ಅದನ್ನು ಅವಳು ಗುರುಗಳ ಮುಂದೆಯೂ ಬಾಯಿ ಬಿಟ್ಟು ಕೇಳುವುದು ಕಷ್ಟ. ಮೇಲಿನ ಲೋಕದಲ್ಲಿ ನಾನು ಯಾರವಳು? ಇದೇ ಪ್ರಶ್ನೆಯನ್ನು ಸದ್ದುಕಾಯರು ಯೇಸುವಿಗೆ ಹಾಕಿದ್ದರು. ಏಳು ಮಂದಿ ಅಣ್ಣತಮ್ಮಂದಿರನ್ನು ಒಬ್ಬರಾದ ಮೇಲೊಬ್ಬರಂತೆ ಮದುವೆಯಾದ ಹೆಣ್ಣು ಪುನರುತ್ಥಾನದಲ್ಲಿ ಯಾರ ಹೆಂಡತಿ ಎಂದು. ಅವರು ಕೇಳಿದ್ದು ಕುಚೋದ್ಯಕ್ಕೆ. ಅವಳು ಕೇಳುವುದು ಸಂಕಟದಿಂದ. ಅಲ್ಲಿ ಮದುವೆ ಮಾಡಿಕೊಳ್ಳುವುದೂ ಇಲ್ಲ, ಮಾಡಿಕೊಡುವುದೂ ಇಲ್ಲ ಎಂಬುದು ಯೇಸುವಿನ ಉತ್ತರ. ಮೊದಲ ಗಂಡನ ಪ್ರೀತಿ ಸುಳ್ಳಾಯಿತೆಂದು ಇದರ ಅರ್ಥವಲ್ಲ. ಅವನು ಅಲ್ಲಿ ಲೆಕ್ಕ ಕೇಳುತ್ತ ಕಾದು ಕುಳಿತಿಲ್ಲವೆಂಬುದಷ್ಟೆ ಅರ್ಥ. ಈ ಮಾತನ್ನು ಅವಳಿಗೆ ಮದುವೆಗೆ ಮುಂಚೆಯೇ ಯಾರಾದರೂ ಹೇಳಬೇಕು. ಹೇಳುವವರಿಲ್ಲದೆ ಎಷ್ಟೋ ಮಂದಿ ಆ ಅಳುಕನ್ನು ಜೀವಮಾನವಿಡೀ ಹೊರುತ್ತಾರೆ.

ಇನ್ನು ಸಿದ್ಧತೆಯ ಕ್ರಮ. ಕನಕಪುರದ ಕಡೆಯ ಹಾರೋಬೆಲೆಯಂಥ ಹಳೆಯ ಕ್ರೈಸ್ತ ಗ್ರಾಮದಲ್ಲಾದರೆ ಕಷ್ಟಸುಖ ಬಲ್ಲವರು ಊರ ತುಂಬ ಇರುತ್ತಾರೆ. ಸೋಲೂರಿನಂಥ ಕಡೆ ನೆಲೆಸಿದ ಒಂಟಿ ಮನೆಗೆ ಮನೆಯೇ ದೇವಾಲಯವಾಗಬೇಕು. ಕ್ಯಾಥೊಲಿಕರಾದರೆ ಮದುವೆಯ ದಿನ ನಿಶ್ಚಯಿಸುವ ಮೊದಲು ಮೃತರ ಹೆಸರಿನಲ್ಲಿ ಒಂದು ಪೂಜೆಯನ್ನು ಸಲ್ಲಿಸಿ, ಅದಕ್ಕೆ ಹೊಸದಾಗಿ ಕೈಹಿಡಿಯಲಿರುವವರನ್ನೂ ಕರೆದರೆ ಹೇಳಲಾರದ ಅರ್ಧ ಮಾತುಗಳು ಅಲ್ಲೇ ಮುಗಿಯುತ್ತವೆ. ಮದುವೆಗೆ ಮುಂಚೆ ಪಾಪನಿವೇದನೆ ಮಾಡಿ ಪ್ರಸಾದ ಸ್ವೀಕರಿಸಬೇಕೆಂದು ಧರ್ಮಸಂಹಿತೆಯೂ ಒತ್ತಿ ಹೇಳುತ್ತದೆ. ಕಾಯಿಲೆಯವರ ಮೇಲೆ ಸಿಡುಕಿದ ಆ ಮಾತಿಗೆ ಅದೇ ತಕ್ಕ ಸ್ಥಳ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಸಾಮಾನ್ಯವಾಗಿ ಮೃತರಿಗಾಗಿ ಪ್ರಾರ್ಥಿಸುವ ರೂಢಿಯಿಲ್ಲ. ಆದರೆ ಹೋದವರಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುವುದನ್ನು ಯಾವ ಸಭಾಪಾಲಕರೂ ಬೇಡವೆನ್ನಲಾರರು.

ಮಕ್ಕಳಿರುವ ಮನೆಯಲ್ಲಿ ಮಕ್ಕಳನ್ನು ಬಿಟ್ಟು ಮಾಡಿದ ಸಿದ್ಧತೆ ಸಿದ್ಧತೆಯೇ ಅಲ್ಲ. ಹಿಂದಿನ ಸಂಬಂಧದ ಮಕ್ಕಳ ಹೊಣೆ ಹೊತ್ತವರ ಮದುವೆಯನ್ನು, ತುರ್ತು ಸಂದರ್ಭ ಬಿಟ್ಟು, ಧರ್ಮಾಧ್ಯಕ್ಷರ ಅನುಮತಿಯಿಲ್ಲದೆ ಗುರುಗಳು ನಡೆಸಬಾರದೆಂದು 1983ರ ಸಂಹಿತೆ ಹೇಳುತ್ತದೆ. ಎಳೆಯರ ಪರವಾಗಿ ಕೇಳುವವರೊಬ್ಬರು ಇರಲೆಂದೇ ಈ ಕಟ್ಟಳೆ. ಮನೆಯಲ್ಲಿ ಸಂಜೆಯ ಜಪಸರದ ಹೊತ್ತಿಗೆ ಏಳು ವರ್ಷದ ಹುಡುಗಿ “ಅಮ್ಮನಿಗಾಗಿ” ಎಂದು ಒಂದು ಪ್ರಾರ್ಥನೆ ಸೇರಿಸಿದರೆ, ಹೊಸಬಳು ಬಂದ ಮೇಲೆಯೂ ಅದು ನಿಲ್ಲಬಾರದು. ಅವಳೂ ದನಿಗೂಡಿಸಿದರೆ ಮಗು ತಾನಾಗಿಯೇ ಹತ್ತಿರ ಬರುತ್ತದೆ. ಅಮ್ಮ ಎಂದೇ ಕರೆಯೆಂದು ಮೊದಲ ದಿನವೇ ಒತ್ತಾಯಿಸುವ ಹಿರಿಯರಿಗಿಂತ, ಚಿಕ್ಕಮ್ಮ ಎಂದರೂ ಸಾಕೆನ್ನುವವರು ಮಗುವಿನ ಮನಸ್ಸನ್ನು ಬಲ್ಲವರು. ಹಜಾರದ ಗೋಡೆಯ ಭಾವಚಿತ್ರವನ್ನು ಅವಸರದಿಂದ ಇಳಿಸಿ ಟ್ರಂಕಿನೊಳಗೆ ಹಾಕುವುದೂ ಇಂಥದೇ ತಪ್ಪು. ಅದನ್ನು ಮಲಗುವ ಕೋಣೆಯಲ್ಲೇ ಇಟ್ಟುಕೊಳ್ಳುವುದು ಇನ್ನೊಂದು ಬಗೆಯ ತಪ್ಪು.

ಪ್ರಾರ್ಥನೆಯೊಡನೆ ಒಂದು ಕಾಗದದ ಕೆಲಸವೂ ಇದೆ. 1925ರ ಭಾರತೀಯ ಉತ್ತರಾಧಿಕಾರ ಕಾನೂನಿನ ಪ್ರಕಾರ ಕ್ರೈಸ್ತರು ಮದುವೆಗೆ ಮುಂಚೆ ಬರೆದಿಟ್ಟ ಉಯಿಲು ಮದುವೆಯೊಡನೆ ರದ್ದಾಗುತ್ತದೆ. ಮೊದಲ ಹೆಂಡತಿಯ ಮಕ್ಕಳಿಗೆಂದು ಮನೆಯನ್ನು ಬರೆದಿಟ್ಟ ವಿಧುರನು ಮರುಮದುವೆಯಾದ ಬೆಳಿಗ್ಗೆ ಉಯಿಲಿಲ್ಲದವನಾಗುತ್ತಾನೆ. ಆಮೇಲೆ ಹೊಸದನ್ನು ಬರೆಯದೆ ತೀರಿಕೊಂಡರೆ ಆಸ್ತಿಯ ಮೂರರಲ್ಲಿ ಒಂದು ಪಾಲು ಹೆಂಡತಿಗೆ, ಉಳಿದ ಎರಡು ಪಾಲು ಎಲ್ಲ ಮಕ್ಕಳಿಗೆ. ಈ ಹಂಚಿಕೆ ಅನ್ಯಾಯವೇನಲ್ಲ; ಆದರೆ ಮಾತು ಕೊಟ್ಟದ್ದು ಬೇರೆ, ನಡೆದದ್ದು ಬೇರೆ ಎಂದಾದಾಗ ದೂರು ಬರುವುದು ಏನೂ ತಿಳಿಯದ ಎರಡನೆಯವಳ ಮೇಲೆ.

ವಿಚ್ಛೇದನ ಪಡೆದವರ ದಾರಿ ಬೇರೆ. ಸಿವಿಲ್ ನ್ಯಾಯಾಲಯದ ತೀರ್ಪೊಂದರಿಂದಲೇ ಕ್ಯಾಥೊಲಿಕರಿಗೆ ದೇವಾಲಯದಲ್ಲಿ ಮರುಮದುವೆ ಸಾಧ್ಯವಾಗುವುದಿಲ್ಲ. ಸಭೆಯ ನ್ಯಾಯಮಂಡಲಿ ಮೊದಲ ಮದುವೆ ಅಸಿಂಧುವೆಂದು ಸಾರಿದ ಮಾತ್ರಕ್ಕೆ ಸರಕಾರವೂ ಒಪ್ಪುವುದಿಲ್ಲ. ಅಂಥ ತೀರ್ಪುಗಳಿಗೆ ಕಾನೂನಿನ ಮಾನ್ಯತೆ ಬೇಕೆಂದು ಕರ್ನಾಟಕದವರೇ ಆದ ಕ್ಲಾರೆನ್ಸ್ ಪಾಯ್ಸ್ ಅವರು ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ತಳ್ಳಿಹಾಕಿತು. ಎರಡು ಕಡೆಯೂ ಬಿಡುಗಡೆಯಾಗದೆ ಹೊಸ ಸಂಬಂಧ ಕುದುರಿಸಿದವರು ದ್ವಿವಿವಾಹದ ಆಪಾದನೆಗೂ ಗುರಿಯಾಗಬಹುದು. ವಿಧುರ ವಿಧವೆಯರಿಗೆ ಈ ತೊಡಕಿಲ್ಲ; ಮರಣದ ದಾಖಲೆಯೊಂದಿದ್ದರೆ ಆಯಿತು.

ನವೆಂಬರ್ 2ರಂದು ಕ್ಯಾಥೊಲಿಕರು ಮೃತರ ಸಮಾಧಿಗಳಿಗೆ ಹೋಗಿ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಮರುಮದುವೆಯಾದವನು ಆ ದಿನ ಮನೆಯಲ್ಲಿ ಏನೋ ನೆಪ ಹೇಳಿ ಒಬ್ಬನೇ ಹೊರಡುವುದುಂಟು. ಮಕ್ಕಳನ್ನೂ ಚಿಕ್ಕಮ್ಮನನ್ನೂ ಕರೆದುಕೊಂಡೇ ಹೋಗುವುದುಂಟು. ಗಾಳಿಗೆ ಬತ್ತಿ ಆರದಂತೆ ಅಂಗೈ ಅಡ್ಡ ಹಿಡಿಯುವ ಕೆಲಸ ಆಗ ಅವಳ ಪಾಲಿಗೆ ಬರುತ್ತದೆ.